ಮಗುಚಿದೂರಿನ ರಸ್ತೆ

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಸ್ವಲ್ಪ ದೂರ ಹೋದರೆ ಸಾಕು, ಗೌರಿಹಬ್ಬದ ಆಸುಪಾಸಿನ ದಿನಗಳಲ್ಲಿ ಗಾಳಿಯೇ ಬೇರೆಯಾಗಿಬಿಡುತ್ತದೆ. ಅದು ಹೊಗೆಸೊಪ್ಪು ಬೇಯುವ ವಾಸನೆ. ಒಲೆ ಹಚ್ಚಿದ ಮೊದಲ ದಿನ ಹಸಿ ಎಲೆ ಬಾಡುವ ಒಗರು, ಆಮೇಲೆ ಬೆಲ್ಲ ಕಾಯಿಸಿದಂಥ ಸಿಹಿ, ಕೊನೆಗೆ ಮೂಗಿನ ತುದಿಯಲ್ಲಿ ಉಳಿದುಕೊಳ್ಳುವ ಒಂದು ಒಣ ಖಾರ. ಬೀಡಿ ಸಿಗರೇಟು ಸೇದುವವರನ್ನು ಕಂಡರೆ ನನಗಾಗುವುದಿಲ್ಲ, ಪಕ್ಕದಲ್ಲಿ ನಿಂತರೂ ಬೈದು ಕಳಿಸುತ್ತೇನೆ. ಆದರೆ ಈ ವಾಸನೆಯ ಮುಂದೆ ನನ್ನ ಜಂಬವೆಲ್ಲ ಇಳಿದುಹೋಗುತ್ತದೆ. ಪ್ರತಿ ವರ್ಷ ಹಬ್ಬಕ್ಕೆ ತವರಿಗೆ ಹೋಗುವಾಗ ಆ ತಿರುವಿನಲ್ಲಿ ಕಾರಿನ ಗಾಜು ಇಳಿಸಿ ಮುಖ ಹೊರಗೆ ಹಾಕುತ್ತೇನೆ. ಒಲೆಬಾಯಿಯ ಬೂದಿ, ಹಸಿ ಜೇಡಿಮಣ್ಣು, ಅಜ್ಜಿಯ ಸೆರಗು, ಅಪ್ಪನ ಬೆವರು, ಎಲ್ಲವೂ ಆ ಗಾಳಿಯೊಳಗೆ ಇರುತ್ತವೆ. ಜೊತೆಗೆ ಒಬ್ಬಳು ಹುಡುಗಿಯೂ ಇರುತ್ತಾಳೆ. ಗಾಜು ಇಳಿಸುವುದು ಮುಖ್ಯವಾಗಿ ಅವಳಿಗೋಸ್ಕರ.

ಈ ವರ್ಷ ಗಾಜು ಇಳಿಸಿದಾಗ ಹಿಂದಿನ ಸೀಟಿನಲ್ಲಿ ನನ್ನ ಮಗಳು ಇಂಚರ ಮೂಗು ಒರೆಸಿಕೊಳ್ಳುತ್ತಿದ್ದಳು. ಹಿಂದಿನ ದಿನ ಮೈಸೂರಿನಲ್ಲಿ ಅವಳನ್ನು ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ಮನೆಮಂದಿಯೆಲ್ಲ ಕೂತು ನೋಡಬಹುದಾದ ಮಕ್ಕಳ ಸಿನಿಮಾ ಎಂದು ಯಾರೋ ಹೇಳಿದ್ದನ್ನು ನಂಬಿ ಹೋದದ್ದು. ಇಬ್ಬರು ಮಕ್ಕಳು ಗೆಳೆಯರಾಗುತ್ತಾರೆ, ತಮ್ಮಿಬ್ಬರಿಗೆ ಮಾತ್ರ ಕಾಣುವ ಒಂದು ಲೋಕ ಕಟ್ಟಿಕೊಳ್ಳುತ್ತಾರೆ, ಕೊನೆಗೆ ಒಬ್ಬರೇ ಉಳಿಯುತ್ತಾರೆ. ಮಕ್ಕಳ ಸಿನಿಮಾ ಎಂದು ಒಳಗೆ ಕೂರಿಸಿ ಹೀಗೆ ಅಳಿಸಿ ಕಳಿಸುವವರಿಗೆ ಏನು ಹೇಳಬೇಕೋ! ನಾನು ಸಿನಿಮಾ ನೋಡಿ ಅಳುವವಳಲ್ಲ. ಬಟ್ಟೆ ಹೊಲಿದು ಬದುಕುವವಳು, ಪರದೆಯ ಮೇಲೂ ಯಾರ ಅಂಗಿಯ ತೋಳು ಸರಿಯಾಗಿ ಕೂತಿಲ್ಲ ಎಂದೇ ನೋಡುತ್ತಿರುತ್ತೇನೆ. ಆದರೂ ಆ ದಿನ ಕತ್ತಲಲ್ಲಿ ನನ್ನ ಸೆರಗೂ ಒದ್ದೆಯಾಗಿತ್ತು. ಮಗಳು ಈಗ ಕೇಳಿದಳು: "ಅಮ್ಮ, ಅವರಿಬ್ಬರೂ ಸೇರಿ ಒಂದು ಲೋಕ ಮಾಡಿದ್ರಲ್ಲ, ಒಬ್ಬಳೇ ಉಳಿದಮೇಲೆ ಆ ಲೋಕ ಏನಾಗುತ್ತೆ? ಇರುತ್ತಾ?" ಇರುತ್ತದೆ ಎಂದೆ. ನಿನಗೆ ಹೇಗೆ ಗೊತ್ತು ಎಂದಳು. ಗೊತ್ತು, ಊರು ಬರಲಿ, ತೋರಿಸುತ್ತೇನೆ ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ಭಯವಾಯಿತು. ಯಾಕೆಂದರೆ ನಮ್ಮ ಹಳೆಯ ಬ್ಯಾರನ್ನನ್ನು ಹಬ್ಬ ಕಳೆದ ಮೇಲೆ ಕೆಡವಿಸುತ್ತೇನೆ ಎಂದು ಅಣ್ಣ ಆಗಲೇ ಫೋನಿನಲ್ಲಿ ಹೇಳಿದ್ದ.

ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ. ಅದಕ್ಕೆ ಕಿಟಕಿಯಿರುವುದಿಲ್ಲ. ಒಂದು ಬಾಗಿಲು, ಹೊರಗಡೆ ಒಂದು ಒಲೆಬಾಯಿ, ಒಳಗೆ ನೆಲದ ಮೇಲೆ ಬಿಸಿ ಹರಿಯುವ ದಪ್ಪ ತಗಡಿನ ಕೊಳವೆಗಳು, ಮೇಲೆ ಸೂರಿನವರೆಗೂ ಸಾಲುಸಾಲಾಗಿ ಅಡ್ಡಮರಗಳು. ಹೊಲದಿಂದ ಮುರಿದು ತಂದ ಎಲೆಗಳನ್ನು ಹೆಂಗಸರು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟುತ್ತಾರೆ, ಗಂಡಸರು ಅಡ್ಡಮರದ ಮೇಲೆ ಕಾಲು ಅಗಲಿಸಿ ನಿಂತು ಆ ಕಡ್ಡಿಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಮೇಲಿನಿಂದ ಕೆಳಗಿನವರೆಗೂ ತುಂಬುತ್ತಾರೆ. ನಮ್ಮ ಬ್ಯಾರನ್ ಮನೆಗೆ ಅಂಟಿಕೊಂಡಂತೆ, ರಸ್ತೆಯ ಪಕ್ಕದಲ್ಲೇ ಇತ್ತು. ಆ ರಸ್ತೆಯ ಒಂದು ತುದಿ ಹುಣಸೂರಿನ ಕಡೆಗೆ ಹೋದರೆ ಇನ್ನೊಂದು ತುದಿ ಊರೊಳಕ್ಕೆ ಬರುತ್ತಿತ್ತು. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಅಣ್ಣ, ನಾನು. ಬೇಯಿಸುವ ಕಾಲ ಬಂತೆಂದರೆ ಮನೆಯ ಅಡುಗೆ, ಮಾತು, ನಿದ್ದೆ ಎಲ್ಲವೂ ಬ್ಯಾರನ್ನಿನ ಅಪ್ಪಣೆಯಂತೆ ನಡೆಯುತ್ತಿತ್ತು. ಯಾರು ಸತ್ತರೂ ಅಪ್ಪ ಒಲೆ ಬಿಟ್ಟು ಏಳುವುದಿಲ್ಲ ಎಂದು ಅವ್ವ ತಮಾಷೆ ಮಾಡುತ್ತಿದ್ದಳು. ಕಾಲ ಮುಗಿದಮೇಲೆ ಮಾತ್ರ ಅದನ್ನು ಕೇಳುವವರಿರಲಿಲ್ಲ. ಸೌದೆ, ಬೆರಣಿ, ಮುರಿದ ನೊಗ, ಮೊಟ್ಟೆಗೆ ಕೂತ ಕೋಳಿ, ಎಲ್ಲಕ್ಕೂ ಅದೇ ಜಾಗ. ಬೇಸಿಗೆ ರಜದಲ್ಲಿ ನಮಗೂ ಅದೇ ಜಾಗ.

ನಮಗೆ ಎಂದರೆ ನನಗೆ ಮತ್ತು ಮಾದೇವಿಗೆ. ಪಕ್ಕದ ಮನೆಯ ಸಾಕಮ್ಮನ ಮಗಳು ಮಾದೇವಿ. ಸಾಕಮ್ಮನನ್ನು ನಾವೆಲ್ಲ ಸಾಕತ್ತೆ ಎನ್ನುತ್ತಿದ್ದೆವು. ಗಂಡ ಬೇಗ ತೀರಿಕೊಂಡಿದ್ದ, ಆ ಮನೆಯಲ್ಲಿ ಇದ್ದದ್ದು ತಾಯಿ ಮಗಳು ಇಬ್ಬರೇ. ಸಾಕತ್ತೆಯ ಕೈ ಊರಿಗೆಲ್ಲ ಹೆಸರುವಾಸಿಯಾಗಿತ್ತು. ಸೊಪ್ಪು ತುಂಬುವ ಮೊದಲು ಬ್ಯಾರನ್ನಿನ ಗೋಡೆಯ ಸಂದುಗೊಂದನ್ನೆಲ್ಲ ಮಣ್ಣಿನಲ್ಲಿ ಮೆತ್ತಬೇಕು. ಒಂದು ಕಡೆ ಗಾಳಿ ಆಡಿದರೂ ಆ ಮಗ್ಗುಲಿನ ಸೊಪ್ಪು ಬಣ್ಣ ಕೆಟ್ಟುಹೋಗುತ್ತದೆ. ಜೇಡಿಮಣ್ಣಿಗೆ ಸಗಣಿ, ಕತ್ತರಿಸಿದ ಹುಲ್ಲು ಹಾಕಿ ಕಾಲಲ್ಲಿ ತುಳಿದು ಹದ ಮಾಡಿ ಸಾಕತ್ತೆ ಮೆತ್ತಿದರೆ ಆ ವರ್ಷ ಅಪ್ಪ ನೆಮ್ಮದಿಯಾಗಿ ಉಣ್ಣುತ್ತಿದ್ದ. ಅವಳು ಬಳಿದ ಮೇಲೆ ನಾಲ್ಕು ಬೆರಳನ್ನು ಅರ್ಧಚಂದ್ರದ ಹಾಗೆ ಎಳೆಯುತ್ತಿದ್ದಳು, ಒಣಗಿದ ಮೇಲೂ ಆ ಗೆರೆ ಕಾಣುತ್ತಿತ್ತು. ಮಗಳಿಗೆ ತಾಯಿಯ ಕೈ ಬಂದಿರಲಿಲ್ಲ, ಬಾಯಿ ಬಂದಿತ್ತು. ಅದೂ ತಾಯಿಯದಲ್ಲ, ಸಾಕತ್ತೆ ಮಾತು ಕಡಿಮೆ. ಯಾರದೋ ಗೊತ್ತಿಲ್ಲ. ಸಣಕಲು ಕಾಲು, ಮುಂದಿನ ಹಲ್ಲಿನ ನಡುವೆ ಒಂದು ಸಂದು, ಮಾತಾಡಿದರೆ ಆ ಸಂದಿನಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಕಂಡದ್ದಕ್ಕೆಲ್ಲ ಒಂದು ಕಥೆ ಕಟ್ಟುತ್ತಿದ್ದಳು, ಕೇಳುತ್ತ ಕೇಳುತ್ತ ನಾನು ಎಡವಿ ಬೀಳುತ್ತಿದ್ದೆ.

ಒಂದು ಏಪ್ರಿಲ್ ಮಧ್ಯಾಹ್ನ ಬಿಸಿಲು ತಾಳಲಾರದೆ ಬ್ಯಾರನ್ನಿನೊಳಗೆ ಸೇರಿ ಬಾಗಿಲು ಹಾಕಿಕೊಂಡೆವು. ಹಿಂದಿನ ವರ್ಷದ ಬಿಸಿಗೆ ಒಣಗಿ, ಎರಡು ಇಟ್ಟಿಗೆಗಳ ನಡುವಿನ ಮೆತ್ತಿದ ಮಣ್ಣು ಉದುರಿ, ರಸ್ತೆಯ ಕಡೆಯ ಗೋಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತಾಗಿತ್ತು. ಅದರ ಎದುರಿಗೆ, ಬ್ಯಾರನ್ನಿನ ಒಳಗಡೆಯೇ, ಅಜ್ಜಿ ಹಗ್ಗದ ಮೇಲೆ ತಾತನ ಹಳೆಯ ಪಂಚೆ ಹಾಕಿದ್ದಳು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ನೋಡುತ್ತೇನೆ, ಪಂಚೆಯ ಮೇಲೆ ಏನೋ ಮಿಸುಕಾಡುತ್ತಿದೆ. ಹಸಿರು, ನೀಲಿ, ಒಂದಷ್ಟು ಬಿಳಿಯ ಉಂಡೆಗಳು ಸಾಲಾಗಿ ತೇಲಿ ಹೋಗುತ್ತಿವೆ. ನಾನು ದೆವ್ವ ಎಂದು ಕಿರುಚಿ ಸೌದೆಯ ಹಿಂದೆ ಅವಿತುಕೊಂಡೆ. ಮಾದೇವಿ ಮಾತ್ರ ಅಲ್ಲೇ ಕೂತು, ತಲೆಯನ್ನು ಒಂದು ಕಡೆಗೆ ವಾಲಿಸಿ, ಆಮೇಲೆ ಪೂರ್ತಿ ಬಗ್ಗಿ ತನ್ನ ಕಾಲಿನ ಸಂದಿಯಿಂದ ನೋಡಿದಳು. "ದೆವ್ವ ಅಲ್ಲ ಕಣಮ್ಮಿ, ಕುರಿ! ಕೆಂಚಣ್ಣನ ಕುರಿ! ತಲೆಕೆಳ್ಗಾಗಿ ಓಯ್ತಾವೆ ಬಾ ನೋಡು!" ನಾನೂ ಬಗ್ಗಿ ನೋಡಿದೆ. ನಿಜ. ಕೆಂಚಣ್ಣ ಕುರಿಮಂದೆಯ ಹಿಂದೆ ಹೆಗಲ ಮೇಲೆ ಕೋಲು ಅಡ್ಡ ಹಾಕಿಕೊಂಡು ನಡೆಯುತ್ತಿದ್ದ, ಎದುರಿನ ಬೇಲಿ ಮೇಲಿಂದ ಕೆಳಕ್ಕೆ ಜೋತುಬಿದ್ದಿತ್ತು, ಆಕಾಶ ನೆಲದಲ್ಲಿತ್ತು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅಂಥ ಚಂದದ ಸಿನಿಮಾವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಮಗುಚಿದೂರು. ದೋಸೆ ಮಗುಚಿದ ಹಾಗೆ ಯಾರೋ ನಮ್ಮೂರನ್ನು ಮಗುಚಿ ಹಾಕಿದ್ದಾರೆ, ಅದರ ಇನ್ನೊಂದು ಮಗ್ಗುಲು ಇದು ಎನ್ನುವುದು ಮಾದೇವಿಯ ವಾದ. ಹೊತ್ತು ಇಳಿಯುವಾಗ ಎದುರು ಬೇಲಿಗೆ ಬಿಸಿಲು ಬಿದ್ದರೆ ಚಿತ್ರ ಚೆನ್ನಾಗಿ ಮೂಡುತ್ತದೆ ಎಂದು ಕಂಡುಕೊಂಡೆವು. ಪಂಚೆಯನ್ನು ತೂತಿನ ಹತ್ತಿರಕ್ಕೆ ತಂದರೆ ಊರು ಚಿಕ್ಕದಾಗಿ ಬೆಳಗುತ್ತಿತ್ತು, ದೂರಕ್ಕೆ ಒಯ್ದರೆ ದೊಡ್ಡದಾಗಿ ಮಂಕಾಗುತ್ತಿತ್ತು. ಬೆಳಕು ತಲೆಯ ಮೇಲಿಂದ ಹಾಯ್ದುಹೋಗುವಂತೆ ನೆಲದಲ್ಲಿ ಗೋಣಿಚೀಲ ಹಾಸಿ ಕೂರುತ್ತಿದ್ದೆವು. ರಸ್ತೆಯಲ್ಲಿ ಯಾರೇ ಬರಲಿ, ಮಗುಚಿದೂರಿನಲ್ಲಿ ಅವರಿಗೆ ಬೇರೆ ಹೆಸರು, ಬೇರೆ ಕೆಲಸ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವನು ಮೋಡ ಕರೆದು ತರುವವನು. ಸದಾ ಜಗಳವಾಡುವ ಅಂಗಡಿಯ ನಿಂಗಮ್ಮ ಅಲ್ಲಿ ಮಾತೇ ಬಾರದ ರಾಣಿ. ಕೆಂಚಣ್ಣ ಆಕಾಶ ಮೇಯಿಸುವವನು. ಅಲ್ಲಿ ಮಳೆ ಮೇಲಕ್ಕೆ ಹೋಗುತ್ತದೆ, ಹೊಡೆದರೆ ಹೊಡೆದವರಿಗೇ ನೋಯುತ್ತದೆ, ಬಿದ್ದವರು ಆಕಾಶಕ್ಕೆ ಬೀಳುವುದರಿಂದ ಮಂಡಿ ತರಚುವುದಿಲ್ಲ. ನಾನು ಒಂದು ಕಾನೂನು ಹೇಳಿದರೆ ಅವಳು ನಾಲ್ಕು ಹೇಳುತ್ತಿದ್ದಳು. ಅವಳು ಹೇಳಿದ್ದೇ ನಡೆಯುತ್ತಿತ್ತು ಎನ್ನುವುದು ಬೇರೆ ಮಾತು, ಊರಿನ ಗೌಡಿಕೆ ಅವಳದೇ. ನನ್ನ ಕೆಲಸ ಪಂಚೆ ಹಿಡಿಯುವುದು, ನಗುವುದು, ಯಾರಿಗೂ ಹೇಳದಿರುವುದು.

ಹೇಳದಿರುವುದು ಬಹಳ ದಿನ ಆಗಲಿಲ್ಲ. ಪಂಚೆ ಹುಡುಕಿಕೊಂಡು ಬಂದ ಅಜ್ಜಿಯನ್ನು ಒಳಗೆ ಕರೆಯಲೇಬೇಕಾಯಿತು. ಅಜ್ಜಿ ಗೋಣಿಚೀಲದ ಮೇಲೆ ಕೂತು, ಏನ್ರವ್ವ ಇದು ಕಗ್ಗತ್ಲೆ ಎಂದು ಗೊಣಗುತ್ತಿರುವಾಗಲೇ ಹೊಲದಿಂದ ಅಪ್ಪ ಬರುತ್ತಿದ್ದ. ಪಂಚೆಯ ಮೇಲೆ ಅಪ್ಪನ ಕಾಲು ಮೇಲೆ, ರುಮಾಲು ಕೆಳಗೆ. ಅಜ್ಜಿ ಎದೆ ಹಿಡಿದುಕೊಂಡು, "ಅಯ್ಯೋ ಶಿವನೆ, ನನ್ ಮಗ ಯಾಕಿಂಗ್ ನೇತಾಡ್ತವ್ನೆ!" ಎಂದು ಕೂಗಿ ಬಾಗಿಲು ತಳ್ಳಿಕೊಂಡು ಹೊರಗೆ ಓಡಿದಳು. ಅಪ್ಪ ರಸ್ತೆಯಲ್ಲಿ ನೆಟ್ಟಗೆ ನಿಂತಿದ್ದ. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ತಡವಿ ನೋಡಿ, ಒಂದು ಹಿಡಿ ಉಪ್ಪು ತಂದು ದೃಷ್ಟಿ ತೆಗೆದಳು. ಪಾಪ, ಅಪ್ಪನಿಗೆ ಏನೆಂದೂ ತಿಳಿಯಲಿಲ್ಲ. ಮಾರನೆಯ ದಿನ ಮಾತ್ರ ಅಜ್ಜಿ ತಾನಾಗಿಯೇ ಬಂದಳು, ಸೆರಗಿನಲ್ಲಿ ಹುರಿಗಡಲೆ ಕಟ್ಟಿಕೊಂಡು. "ಇವತ್ತು ಯಾರ್ ಬತ್ತಾರೆ?" ಎಂದು ಮಾದೇವಿಯನ್ನು ಕೇಳಿದಳು. ಆ ಬೇಸಿಗೆಯೆಲ್ಲ ಅಜ್ಜಿ ನಮ್ಮ ಪ್ರೇಕ್ಷಕಿ. ಅವಳು ಇಲ್ಲವಾಗಿ ಎಷ್ಟೋ ಕಾಲವಾಯಿತು, ಹುರಿಗಡಲೆ ಜಗಿಯುವ ಸದ್ದು ಕೇಳಿದರೆ ಈಗಲೂ ನನಗೆ ಕತ್ತಲೆಯೂ ಬಣ್ಣದ ಪಂಚೆಯೂ ಕಾಣುತ್ತವೆ.

ಮಗುಚಿದೂರಿನ ದೊಡ್ಡ ಕಾನೂನು ಗೊತ್ತಾದದ್ದು ಮೇ ತಿಂಗಳಿನಲ್ಲಿ. ಅದನ್ನು ಕಂಡವಳೂ ಮಾದೇವಿಯೇ. ಹುಣಸೂರಿನ ಕಡೆಗೆ ಹೊರಟ ಬಸ್ಸು ಪಂಚೆಯ ಮೇಲೆ ಊರಿನ ಕಡೆಗೆ ಬರುತ್ತಿತ್ತು. ಊರಿಗೆ ಬರುವ ಬಸ್ಸು ಹುಣಸೂರಿನ ದಿಕ್ಕಿಗೆ ಹೋಗುತ್ತಿತ್ತು. ನಾವು ಹೊರಗೂ ಒಳಗೂ ಓಡಾಡಿ ಮತ್ತೆ ಮತ್ತೆ ಪರೀಕ್ಷೆ ಮಾಡಿದೆವು, ತಪ್ಪಲೇ ಇಲ್ಲ. ಆ ತಿಂಗಳ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಹಳ್ಳಿಯ ಜ್ವರ, ಕಷಾಯಕ್ಕೆ ಇಳಿಯುತ್ತದೆ ಎಂದುಕೊಂಡರು. ಇಳಿಯಲಿಲ್ಲ. ಹುಣಸೂರಿನಲ್ಲಿ ತೋರಿಸಿದರು, ಅಲ್ಲಿಯ ಡಾಕ್ಟರು ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಜೀಪು ಬರುವ ಮೊದಲು ನಾನು ಅವಳ ಹಾಸಿಗೆಯ ಪಕ್ಕ ಅಳುತ್ತ ಕೂತಿದ್ದೆ. ಕಣ್ಣು ಕೆಂಪಾಗಿ, ತುಟಿ ಒಡೆದಿದ್ದರೂ ಅವಳು ಗೌಡಿಕೆ ಬಿಟ್ಟಿರಲಿಲ್ಲ. "ಅಳ್ಬ್ಯಾಡ ಕಣಮ್ಮಿ. ಓಗಿ ಬ್ಯಾರನ್ ಒಳಗ್ ಕೂತ್ಕೊ. ಇಲ್ಲಿಂದ ನೋಡಿದ್ರೆ ನಾ ಓಯ್ತೀನಿ, ಅಲ್ಲಿಂದ ನೋಡಿದ್ರೆ ಬತ್ತೀನಿ." ನಾನು ಓಡಿಹೋಗಿ ಬಾಗಿಲು ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಜೀಪು ಬಂತು, ಚಕ್ರ ಮೇಲೆ ಮಾಡಿಕೊಂಡು, ಬಿಸಿಲಿನಲ್ಲಿ ಮಿಂಚುತ್ತ. ಹಿಂದಿನ ಸೀಟಿನಿಂದ ಒಂದು ಸಣ್ಣ ಕೈ ಹೊರಗೆ ಬಂದು ಆಡಿತು. ಅವಳು ಹೇಳಿದ್ದು ನಿಜವಾಗಿತ್ತು, ಆ ಜೀಪು ಹುಣಸೂರಿನಿಂದ ಊರಿಗೆ ಬರುತ್ತಿತ್ತು. ನಾನು ಕತ್ತಲಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಮಾದೇವಿ ಬದುಕಿ ಬರಲಿಲ್ಲ. ಬೆಳಗಿನ ಜಾವ ತಂದರಂತೆ, ಮಕ್ಕಳನ್ನು ಹತ್ತಿರಕ್ಕೆ ಬಿಡಲಿಲ್ಲ. ಅವ್ವ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಕಿವಿ ಮುಚ್ಚಿ ಹಿಡಿದಿದ್ದಳು. ಹೊಲದ ಅಂಚಿನಲ್ಲಿ ಅವಳನ್ನು ಮಣ್ಣು ಮಾಡಿ ಬಂದ ಅಪ್ಪ ಬಚ್ಚಲಿನ ಹತ್ತಿರ ನಿಂತು ಬಹಳ ಹೊತ್ತು ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಲೇ ಇದ್ದ. ಅವಳು ಹೋದಳು ಎನ್ನುವುದನ್ನು ಎಲ್ಲರೂ ನನಗೆ ಒಂದೊಂದು ರೀತಿಯಲ್ಲಿ ಹೇಳಿದರು. ನಾನು ತಲೆಯಾಡಿಸುತ್ತಿದ್ದೆ. ಆದರೆ ಆ ಜೀಪು ಊರಿಗೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೆನಲ್ಲ. ಇಲ್ಲಿ ಹೋದವಳು ಅಲ್ಲಿ ಬಂದಿದ್ದಾಳೆ, ಇಂದಲ್ಲ ನಾಳೆ ಪಂಚೆಯ ಮೇಲೆ ಕಾಣಿಸುತ್ತಾಳೆ, ಇಷ್ಟೇ ನನ್ನ ಲೆಕ್ಕ. ಶಾಲೆ ಶುರುವಾಯಿತು. ಶಾಲೆ ಬಿಟ್ಟವಳೇ ಬ್ಯಾರನ್ನಿಗೆ ಓಡಿ ಗೋಣಿಚೀಲದ ಮೇಲೆ ಕೂರುತ್ತಿದ್ದೆ. ಕೆಂಚಣ್ಣ ಬರುತ್ತಿದ್ದ, ಮೋಡ ಕರೆಯುವವನು ಬರುತ್ತಿದ್ದ, ಮಾತು ಬಾರದ ರಾಣಿ ಬರುತ್ತಿದ್ದಳು. ಅವಳೊಬ್ಬಳು ಬರುತ್ತಿರಲಿಲ್ಲ. ಮೋಡ ಕವಿದ ದಿನ ಚಿತ್ರವೇ ಮೂಡುತ್ತಿರಲಿಲ್ಲ, ಅಂಥ ದಿನ ಅವಳು ಬಂದುಹೋದಳೇನೋ ಎಂದು ಸಂಕಟವಾಗುತ್ತಿತ್ತು. ಅಜ್ಜಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು.

ಹೊಲದಲ್ಲಿ ಬುಡದ ಎಲೆ ಹಣ್ಣಾಗತೊಡಗಿತು. ಒಂದು ದಿನ ಶಾಲೆಯಿಂದ ಬಂದಾಗ ಬ್ಯಾರನ್ನಿನ ಬಾಗಿಲು ಹಾರುಹೊಡೆದಿತ್ತು. ಸೌದೆ, ನೊಗ, ಕೋಳಿಬುಟ್ಟಿ ಎಲ್ಲ ಹೊರಗೆ ಬಿದ್ದಿದ್ದವು. ಅಂಗಳದಲ್ಲಿ ಸಾಕತ್ತೆ ಸೀರೆ ಎತ್ತಿಕಟ್ಟಿ ಜೇಡಿಮಣ್ಣು ತುಳಿಯುತ್ತಿದ್ದಳು. ಮಗಳನ್ನು ಕಳೆದುಕೊಂಡ ಮೇಲೆ ಅವಳು ಮನೆಯಿಂದ ಹೊರಗೆ ಬಂದದ್ದೇ ಅಪರೂಪ. ಈ ವರ್ಷ ಬೇರೆಯವರ ಕೈಲಿ ಮೆತ್ತಿಸುತ್ತೇನೆ, ನೀನು ಸುಧಾರಿಸಿಕೋ ಎಂದು ಅಪ್ಪ ಹೇಳಿದ್ದನಂತೆ. "ಕೈ ಸುಮ್ಕಿದ್ರೆ ತಲೆ ಕೆಡ್ತದೆ ಕಣಣ್ಣ, ಬುಡು" ಎಂದು ಅವಳೇ ಬಂದಿದ್ದಳು. ಒಳಗೆ ಮೂರು ಗೋಡೆ ಆಗಲೇ ಮುಗಿದು ಹಸಿಮಣ್ಣಿನ ವಾಸನೆ ಗವ್ವೆನ್ನುತ್ತಿತ್ತು. ಅವಳು ಮಣ್ಣಿನ ಬಾಂಡ್ಲಿ ಹೊತ್ತು ರಸ್ತೆಯ ಕಡೆಯ ಗೋಡೆಗೆ ಬಂದಳು. ನಾನು ಚೀಲ ಬಿಸಾಕಿ ಓಡಿ, ತೂತಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. "ಸರ್ಕೊ ಮಗ, ಮಣ್ ಒಣಗ್ತದೆ" ಎಂದಳು. ಸರಿಯಲಿಲ್ಲ. ಅಪ್ಪ ಬಂದ. ಮೊದಲು ಮೆಲ್ಲಗೆ ಹೇಳಿದ, ಆಮೇಲೆ ಗದರಿದ. "ಒಂದ್ ತೂತ್ ಬುಟ್ರೂ ಆ ಕಡೆ ಸೊಪ್ಪೆಲ್ಲ ಕೆಡ್ತದೆ ಕಣೇ ಗಿರಿಜ. ವರ್ಸವೆಲ್ಲ ದುಡ್ದಿದ್ದು ನೀರ್ಪಾಲಾಯ್ತದೆ. ಬಾ ಈಚೆಗೆ." ರಟ್ಟೆ ಹಿಡಿದು ಎಳೆದ. ನಾನು ಇಟ್ಟಿಗೆಯ ಸಂದಿಗೆ ಉಗುರು ಹಾಕಿಕೊಂಡು ಕಿರುಚಿದೆ: "ಮೆತ್ಬೇಡ ಅತ್ತೆ! ಮೆತ್ಬಿಟ್ರೆ ಮಾದೇವಿ ಎಲ್ಲಿಂದ ಬತ್ತಾಳೆ?"

ಅಪ್ಪನ ಕೈ ಸಡಿಲವಾಯಿತು. ಸಾಕತ್ತೆ ಬಾಂಡ್ಲಿಯನ್ನು ಕೆಳಗಿಟ್ಟಳು. ಎಲ್ಲಿಂದ ಎಂದು ಕೇಳಿದಳು. ಆಗ ನನಗೆ ಹೊಳೆಯಿತು, ಸಾಕತ್ತೆ ಮಗುಚಿದೂರನ್ನು ನೋಡಿಯೇ ಇರಲಿಲ್ಲ. ನಾವು ಸಿನಿಮಾ ನೋಡುವ ಹೊತ್ತಿನಲ್ಲಿ ಅವಳು ಯಾರದೋ ಹೊಲದಲ್ಲಿ ಬಗ್ಗಿರುತ್ತಿದ್ದಳು. ನನ್ನ ಕಿರುಚಾಟ ಕೇಳಿ ಬಂದ ಅಜ್ಜಿಯೇ ತಾತನ ಪಂಚೆಯನ್ನು ಹಗ್ಗಕ್ಕೆ ಹಾಕಿ, ಅಪ್ಪನನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿದಳು. ಹೊರಗೆ ಹೊತ್ತು ಇಳಿಯುವ ಬಿಸಿಲಿತ್ತು. ಸಾಕತ್ತೆ ಮಣ್ಣಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಣಿಚೀಲದ ಮೇಲೆ ಕೂತಳು. ಬೇಲಿ ಮೂಡಿತು, ಆಕಾಶ ಮೂಡಿತು, ಎತ್ತಿನ ಗಾಡಿಯೊಂದು ಚಕ್ರ ಮೇಲಾಗಿ ಉರುಳಿತು. ನಾನು ಬಿಕ್ಕುತ್ತಲೇ ಹೆಸರುಗಳನ್ನು ಹೇಳುತ್ತ ಹೋದೆ. ಇವನು ಆಕಾಶ ಮೇಯಿಸುವವನು, ಇವಳು ರಾಣಿ, ಇದು ಮಾದೇವಿ ಮಾಡಿದ ಕಾನೂನು, ಇದೂ ಅವಳದೇ. ಅಷ್ಟರಲ್ಲಿ ಊರಿನಿಂದ ಹುಣಸೂರಿಗೆ ಹೊರಟ ಸಂಜೆಯ ಬಸ್ಸು ಪಂಚೆಯ ಮೇಲೆ ಊರೊಳಕ್ಕೆ ಬಂತು. ಜೀಪು ಹೀಗೇ ಬಂತು ಎಂದೆ, ಕೈ ಆಡಿಸಿದಳು ಎಂದೆ, ಅಲ್ಲಿಂದ ನೋಡಿದರೆ ಬತ್ತೀನಿ ಅಂದಿದ್ದಳು ಎಂದೆ. ಸಾಕತ್ತೆ ಅಳಲಿಲ್ಲ. ಬಸ್ಸು ಮರೆಯಾದ ಮೇಲೂ ನೋಡುತ್ತಲೇ ಇದ್ದಳು. ಕೊನೆಗೆ, "ಇಷ್ಟೆಲ್ಲ ಮಾಡಿದ್ಲಾ ನನ್ ಕೂಸು" ಎಂದಳು. ತಾಯಿಗೆ ಗೊತ್ತಿಲ್ಲದ ಒಂದು ಊರನ್ನೇ ಮಗಳು ಬಿಟ್ಟುಹೋಗಿದ್ದಳು, ಅದು ಆ ಹೊತ್ತು ಅವಳಿಗೆ ಸಿಕ್ಕಿತು.

ಆಮೇಲೆ ಅವಳು ಎದ್ದು ಹೊರಗೆ ಹೋಗಿ, ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡೊಂದನ್ನು ಆರಿಸಿ ತಂದಳು. ಒದ್ದೆ ಬಟ್ಟೆ ಸುತ್ತಿ ತೂತಿಗೆ ತಿರುವಿ ತಿರುವಿ ಕೂರಿಸಿದಳು, ಸುತ್ತಲೂ ಮಣ್ಣು ಮೆತ್ತಿ ಬಟ್ಟಲಿನ ಬಾಯಿಯ ಹಾಗೆ ಅಂಚು ಕಟ್ಟಿದಳು, ಮೇಲೆ ನಾಲ್ಕು ಬೆರಳು ಎಳೆದಳು. "ಬೆಂಕಿ ಆರೋಗಂಟ ಮುಚ್ಚಿರ್ಲಿ ಕಣವ್ವ. ಆಮ್ಯಾಕೆ ತೆಗೀಮ. ಅವ್ಳು ಬಂದ್ರೆ ಕಾಯ್ತಾಳೆ ಬುಡು, ಎಲ್ಗೂ ಓಗಕಿಲ್ಲ." ಅಪ್ಪ ಬಂದು ದಿಂಡನ್ನು ಅಲುಗಾಡಿಸಿ ನೋಡಿದ, ಅಂಗೈ ಒಡ್ಡಿ ಗಾಳಿ ಬರುತ್ತದೆಯೇ ಎಂದು ನೋಡಿದ. ಅವನ ಮುಖದಲ್ಲಿ ಅನುಮಾನವಿತ್ತು, ಆದರೂ ದಿಂಡನ್ನು ಹಾಗೇ ಬಿಟ್ಟ. ಆ ಸಲ ಒಲೆ ಹಚ್ಚಿದ ಮೇಲೆ ಆ ಗೋಡೆಯ ಸುತ್ತಲೇ ಸುಳಿದಾಡಿದ. ಸೊಪ್ಪು ಬೆಂದು ಬಾಗಿಲು ತೆಗೆದಾಗ ನಾನು ಅಜ್ಜಿಯ ಸೆರಗು ಹಿಡಿದು ನಿಂತಿದ್ದೆ. ನಾಲ್ಕೂ ಗೋಡೆಯ ಸೊಪ್ಪು ಒಂದೇ ನಿಂಬೆ ಹಳದಿ. ಅಪ್ಪ ರಸ್ತೆ ಕಡೆಯ ಕಡ್ಡಿಯಿಂದ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು, ಅದನ್ನು ಸಾಕತ್ತೆಯ ಕೈಗೆ ಕೊಟ್ಟ. ಆ ದಿನ ಅಪ್ಪನ ಮೇಲೆ ಹುಟ್ಟಿದ ಪ್ರೀತಿ ಇವತ್ತಿಗೂ ಒಂದು ಗುಲಗಂಜಿ ಕಡಿಮೆಯಾಗಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಹೀಗೆಯೇ. ಕಾಲ ಮುಗಿದ ಮೇಲೆ ದಿಂಡು ತೆಗೆಯುವುದು, ಕಾಲ ಬಂದಾಗ ಹೊಸ ದಿಂಡು ಕೂರಿಸಿ ಅಂಚು ಕಟ್ಟುವುದು. ಅವಳು ಬರುತ್ತಾಳೆ ಎಂದು ಕಾಯುವುದನ್ನು ನಾನು ಯಾವಾಗ ಬಿಟ್ಟೆನೋ ಗೊತ್ತಿಲ್ಲ, ಹಾಲುಹಲ್ಲು ಬಿದ್ದ ಹಾಗೆ ಅದೂ ಬಿದ್ದುಹೋಯಿತು. ಹೈಸ್ಕೂಲಿನಲ್ಲಿ ಬೆಳಕು ನೇರವಾಗಿ ಚಲಿಸುತ್ತದೆ, ಸಣ್ಣ ರಂಧ್ರದ ಮೂಲಕ ಹಾಯ್ದಾಗ ಬಿಂಬ ತಲೆಕೆಳಗಾಗುತ್ತದೆ ಎಂಬ ಪಾಠ ಬಂತು. ಎಲ್ಲರಿಗಿಂತ ಮೊದಲು ಕೈಯೆತ್ತಿ ಉತ್ತರ ಹೇಳಬೇಕಾಗಿದ್ದವಳು ನಾನು. ಹೇಳಲಿಲ್ಲ. ನಮ್ಮ ಊರನ್ನು ಎರಡು ಗೆರೆ ಎಳೆದು ಮುಗಿಸಿದರಲ್ಲ ಎಂದು ಸಿಟ್ಟು ಬಂದಿತ್ತು. ಆದರೆ ಕಾಯುವುದು ಹೋದಮೇಲೂ ಊರು ಉಳಿಯಿತು. ಬೇಸಿಗೆಯಲ್ಲಿ ಸಾಕತ್ತೆ ಕೆಲಸ ಮುಗಿಸಿ ಬರುತ್ತಿದ್ದಳು, ಅಜ್ಜಿ ಹುರಿಗಡಲೆ ತರುತ್ತಿದ್ದಳು, ಮೂವರೂ ಕತ್ತಲಲ್ಲಿ ಕೂರುತ್ತಿದ್ದೆವು. ಮಾತು ಕಡಿಮೆಯ ಸಾಕತ್ತೆ ಅಲ್ಲಿ ಮಾತಾಡುತ್ತಿದ್ದಳು. ರಸ್ತೆಯಲ್ಲಿ ಹೊಸಬರು ಬಂದರೆ, ಇವನಿಗೆ ಮಾದೇವಿ ಏನ್ ಹೆಸರಿಡ್ತಿದ್ಲು ಎಂದು ಕೇಳಿ, ತಾನೇ ಒಂದು ಹೆಸರಿಟ್ಟು ನಗುತ್ತಿದ್ದಳು. ನನ್ನ ಮದುವೆಯಾಯಿತು. ಅಜ್ಜಿ ಹೋದಳು, ಅಪ್ಪ ಹೋದ, ಅವ್ವ ಹೋದಳು. ಅಣ್ಣ ಹೊಗೆಸೊಪ್ಪು ಬಿಟ್ಟು ಶುಂಠಿ ಹಾಕಿದ. ಬ್ಯಾರನ್ನಿನ ಒಲೆ ಆರಿ ಬಹಳ ವರ್ಷವಾಯಿತು. ಹಬ್ಬಕ್ಕೆ ಬಂದರೂ ಆಮೇಲೆ ನಾನು ಅದರ ಬಾಗಿಲು ತೆಗೆದಿರಲಿಲ್ಲ.

ಈ ಸಲ ಊರು ತಲುಪಿ ಅತ್ತಿಗೆ ಕೊಟ್ಟ ಕಾಫಿ ಕುಡಿದವಳೇ ಮಗಳನ್ನು ಕರೆದುಕೊಂಡು ಬ್ಯಾರನ್ನಿಗೆ ಹೋದೆ. ಶುಂಠಿ ತೊಳೆಯುವ ಜಾಗಕ್ಕೆಂದು ಅಂಗಳವೆಲ್ಲ ಅಗೆದಿದ್ದರು. ಒಳಗೆ ಗೋಡೆಯ ಮಣ್ಣು ಹಾಳೆಹಾಳೆಯಾಗಿ ಎದ್ದುಬಂದಿತ್ತು, ಅಡ್ಡಮರಕ್ಕೆ ಗೆದ್ದಲು ಹತ್ತಿತ್ತು. ರಸ್ತೆಯ ಕಡೆಯ ಗೋಡೆಗೆ ಬಂದವಳು ನಿಂತುಬಿಟ್ಟೆ. ತೂತಿನಲ್ಲಿ ಹೊಸ ದಿಂಡು, ಸುತ್ತ ಹೊಸ ಮಣ್ಣಿನ ಅಂಚು, ಅದರ ಮೇಲೆ ನಾಲ್ಕು ಬೆರಳಿನ ಗೆರೆ. ಬೆಂಕಿಯೇ ಇಲ್ಲದ ಬ್ಯಾರನ್ನಿಗೆ ಈ ವರ್ಷವೂ ಯಾರೋ ಮೆತ್ತಿದ್ದರು. ಯಾರು ಎಂದು ಕೇಳಬೇಕಾಗಿರಲಿಲ್ಲ. ಕೋಲೂರಿಕೊಂಡು ಸಾಕತ್ತೆ ಬಾಗಿಲಲ್ಲಿ ನಿಂತಿದ್ದಳು, ಬೆನ್ನು ಬಾಗಿ ನನ್ನ ಎದೆಯ ಎತ್ತರಕ್ಕೆ ಇಳಿದಿದ್ದಳು. "ಕಾರಿನ್ ಸದ್ ಕೇಳ್ತು. ಇಲ್ಲೇ ಬಂದಿರ್ತೀಯ ಅಂದ್ಕಂಡೆ" ಎಂದಳು. ಸೊಪ್ಪಿಲ್ಲದ ಮೇಲೂ ಯಾಕತ್ತೆ ಮೆತ್ತೋದು ಎಂದೆ. "ಕಾಲ ಬಂದಾಗ ಮೆತ್ತಿದ್ರೆ ತಾನೆ, ಕಾಲ ಓದ್ಮ್ಯಾಕೆ ತೆಗೀಬೋದು?" ಎಂದಳು. ಅವಳು ನನ್ನಂತೆ ತವರಿಗೆ ಬರುವಾಗ ಮಾತ್ರ ನೆನಪು ಮಾಡಿಕೊಂಡವಳಲ್ಲ. ಆ ಊರನ್ನು ವರ್ಷಾವರ್ಷ ಕಾಪಾಡಿದವಳು ಅವಳು. ಒಬ್ಬಳೇ ಉಳಿದಮೇಲೆ ಅದು ಏನಾಗುತ್ತದೆ ಎಂದು ಕೇಳಿದ್ದ ಇಂಚರ ಆ ಗೆರೆಗಳಲ್ಲಿ ತನ್ನ ನಾಲ್ಕು ಬೆರಳು ಇಟ್ಟು ನೋಡುತ್ತಿದ್ದಳು. ನಾನು ಒಬ್ಬಳೇ ಉಳಿದಿರಲೇ ಇಲ್ಲ.

ಹಬ್ಬಕ್ಕೆಂದು ಅಣ್ಣ ಮಡಚಿಟ್ಟಿದ್ದ ಹೊಸ ಪಂಚೆಯನ್ನೇ ತಂದೆ. ಲೇ, ಅದು ನಾಳೆಗೆ ಕಣೇ ಎಂದು ಅವನು ಕೂಗಿದ್ದು ಕೇಳಿಸಿತು, ಕೂಗಲಿ. ಸಾಕತ್ತೆ ದಿಂಡನ್ನು ತಿರುವಿ ತೆಗೆದಳು. ಬೆಳಕು ಒಳಗೆ ಬಂತು. ಬೇಲಿಯ ಜಾಗದಲ್ಲಿ ಈಗ ಕಾಂಪೌಂಡು, ಬಸ್ಸಿಗಿಂತ ಬೈಕು ಜಾಸ್ತಿ. ಆಕಾಶ ಮಾತ್ರ ಹಾಗೆಯೇ ನೆಲದಲ್ಲಿತ್ತು. ಇಂಚರ ಬಾಯಿ ತೆರೆದುಕೊಂಡು ನೋಡಿದಳು, ಬಗ್ಗಿ ಕಾಲಿನ ಸಂದಿಯಿಂದಲೂ ನೋಡಿದಳು, ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಜೀಪಿನವರೆಗೆ. ಅವಳು, "ಅಮ್ಮ, ನಾನು ಅದರೊಳಗೆ ಹೋಗಿ ಬರ್ತೀನಿ" ಎಂದು ಬಾಗಿಲು ಎಳೆದುಕೊಂಡು ಓಡಿದಳು. ನಾನು ಸಾಕತ್ತೆಯ ಪಕ್ಕ ನೆಲದಲ್ಲಿ ಕೂತೆ. ಹೊರಗೆ ರಸ್ತೆಯಲ್ಲಿ ಮಗಳು ಹುಣಸೂರಿನ ಕಡೆಗೆ ನಡೆಯತೊಡಗಿದಳೆಂದು ಕಾಣುತ್ತದೆ. ಪಂಚೆಯ ಮೇಲೆ ಸಣಕಲು ಕಾಲಿನ ಒಬ್ಬಳು ಹುಡುಗಿ, ಆಕಾಶದ ಮೇಲೆ ತಲೆಯೂರಿ, ಕೈ ಆಡಿಸುತ್ತ, ಊರಿನ ಕಡೆಗೆ ಬರುತ್ತಿದ್ದಳು. ಸಾಕತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಬೆರಳು ಇನ್ನೂ ಒರಟಾಗಿಯೇ ಇದ್ದವು.

"ಬಂದ್ಲು ನೋಡವ್ವ" ಎಂದಳು.

ನಾನು ಹ್ಞೂಂ ಎಂದೆ. ಇಬ್ಬರೂ ಆ ಹುಡುಗಿ ಪಂಚೆಯ ಅಂಚು ದಾಟುವವರೆಗೆ ನೋಡಿದೆವು. ಆಮೇಲೆ ಸಾಕತ್ತೆ ಕೋಲೂರಿ ಎದ್ದು, ಇನ್ನೆರಡು ದಿನಕ್ಕೆ ಕೆಡವಲಿರುವ ಆ ಗೋಡೆಯ ಹತ್ತಿರ ಹೋಗಿ, ಗಾಳಿ ಆಡದ ಹಾಗೆ ದಿಂಡನ್ನು ಮತ್ತೆ ತಿರುವಿ ಕೂರಿಸಿದಳು.